ರೋಗ ಹೋದರೂ ಕಾಗದ ಇರಲಿ



ಈ ಪಾಠ ಸ್ವಲ್ಪ ಉದ್ದ ಇದೆ. ಒಂದೇ ದಿನ ಓದಿ ಮುಗಿಸಬೇಕಿಲ್ಲ. ದಿನಕ್ಕೆ ಒಂದು ಭಾಗ ಓದಿರಿ. ಓದಿದ್ದನ್ನು ಪಕ್ಕದ ಮನೆಯವರಿಗೂ ಹೇಳಿರಿ.

1. ಟ್ರಂಕಿನ ತಳದ ಕಾಗದ

ನಮ್ಮ ಊರು ಭೂಸನೂರ. ಆಳಂದ ತಾಲ್ಲೂಕಿನ ಊರು. ಸುತ್ತ ಕಬ್ಬು, ತೊಗರಿ, ಜೋಳದ ಹೊಲ. ಊರಲ್ಲಿ ಸಕ್ಕರೆ ಕಾರ್ಖಾನೆ ಇದೆ. ಹಗಲೆಲ್ಲ ಹೊಲದ ಕೆಲಸ. ರಾತ್ರಿ ಊಟ ಮುಗಿದ ಮೇಲೆ ಹೆಣ್ಣುಮಕ್ಕಳು ಕಲಿಯಲು ಬರುತ್ತಾರೆ. ನಾವು ಅವರಿಗೆ ಓದು ಬರಹ ಕಲಿಸುತ್ತೇವೆ.

ಒಂದು ರಾತ್ರಿ ಎಲ್ಲರೂ ಮನೆಗೆ ಹೋದರು. ಒಬ್ಬ ತಾಯಿ ಮಾತ್ರ ಹೋಗಲಿಲ್ಲ. ಅವರ ಹೆಸರನ್ನು ನಾವು ಇಲ್ಲಿ ಬರೆಯುವುದಿಲ್ಲ. ಯಾಕೆ ಎಂದು ಮುಂದೆ ನಿಮಗೇ ತಿಳಿಯುತ್ತದೆ. ಅವರ ಸೆರಗಿನೊಳಗೆ ಒಂದು ಹಳೆಯ ಫೈಲು ಇತ್ತು.

"ಅಕ್ಕೋರ, ಇದು ಓದಿ ಹೇಳ್ರಿ. ಇಂಗ್ಲೀಷಿನಾಗ ಅದ. ನನಗ ತಾರೀಖು ಅಷ್ಟೇ ಓದ್ಲಕ್ಕ ಬರ್ತದ" ಎಂದರು.

ಅದು ಅವರ ಮಗಳ ದವಾಖಾನಿ ಕಾಗದ. ಮಗಳಿಗೆ ಆರು ವರ್ಷ ಇದ್ದಾಗ ರಕ್ತದ ಕ್ಯಾನ್ಸರ್ ಬಂದಿತ್ತು. ಮೂರು ವರ್ಷ ಚಿಕಿತ್ಸೆ ನಡೆಯಿತು. ರೋಗ ಪೂರ್ತಿ ವಾಸಿ ಆಯಿತು. ಈಗ ಮಗಳಿಗೆ ಇಪ್ಪತ್ತು ವರ್ಷ. ಹೊಲಿಗೆ ಕಲಿತಿದ್ದಾಳೆ. ಮದುವೆ ಮಾತು ನಡೆದಿತ್ತು.

"ನಮ್ಮ ಅತ್ತಿ ಈ ಕಾಗದ ಸುಡು ಅಂದಿದ್ರು. ಪೋರಿ ಮದ್ವಿಗೆ ತೊಡಕಾಗ್ತದ ಅಂದ್ರು. ನನಗ ಸುಡ್ಲಕ್ಕ ಮನಸ್ಸು ಬರಲಿಲ್ಲ. ಟ್ರಂಕಿನ ತಳದಾಗ ಸೀರಿ ಕೆಳಗ ಇಟ್ಟಿದ್ದೆ" ಎಂದರು.

"ಈಗ ಯಾಕ ತೆಗೆದ್ರಿ?" ಎಂದು ಕೇಳಿದೆವು.

ಆ ತಾಯಿ ಅತ್ತರು. ಮಗಳಿಗೆ ಎರಡು ತಿಂಗಳಿಂದ ದಮ್ಮು. ಒಂದು ಕೊಡ ನೀರು ತಂದರೆ ಕೂತುಬಿಡುತ್ತಾಳೆ. ರಾತ್ರಿ ಅಡ್ಡ ಮಲಗಿದರೆ ಉಸಿರು ಕಟ್ಟುತ್ತದೆ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದರು. "ಸಣ್ಣಾಕಿ ಇದ್ದಾಗ ದೊಡ್ಡ ಬ್ಯಾನಿ ಏನಾರ ಬಂದಿತ್ತೇನು?" ಎಂದು ಡಾಕ್ಟರು ಕೇಳಿದರು. ಹೊರಗೆ ಬೀಗರ ಊರಿನವರು ಕೂತಿದ್ದರು. ಈ ತಾಯಿ "ಏನೂ ಬಂದಿಲ್ರಿ" ಎಂದುಬಿಟ್ಟರು. ಡಾಕ್ಟರು ರಕ್ತ ಕಡಿಮೆ ಇರಬಹುದು ಎಂದು ಗುಳಗಿ ಬರೆದುಕೊಟ್ಟರು. ಗುಳಗಿ ತಿಂದರೂ ದಮ್ಮು ಕಡಿಮೆ ಆಗಲಿಲ್ಲ.

"ನಾನು ಸುಳ್ಳು ಹೇಳಿದೆ ಅಕ್ಕೋರ. ಆ ಬ್ಯಾನಿಗೂ ಈ ದಮ್ಮಿಗೂ ಏನಾರ ಸಂಬಂಧ ಅದ ಏನ್ರಿ?" ಎಂದರು.

ಸಂಬಂಧ ಇರಬಹುದು. ಅದನ್ನೇ ಈ ಪಾಠದಲ್ಲಿ ತಿಳಿಯೋಣ.

2. ಮಕ್ಕಳ ಕ್ಯಾನ್ಸರ್ ವಾಸಿ ಆಗುತ್ತದೆ

ಕ್ಯಾನ್ಸರ್ ಎಂದರೆ ಸಾವು ಎಂದು ನಮ್ಮ ಜನ ತಿಳಿದಿದ್ದಾರೆ. ಮೊದಲು ಹಾಗೇ ಇತ್ತು. ರಕ್ತದ ಕ್ಯಾನ್ಸರ್ ಬಂದ ಮಗು ಕೆಲವೇ ತಿಂಗಳಲ್ಲಿ ತೀರಿಹೋಗುತ್ತಿತ್ತು. ಔಷಧಿಯೇ ಇರಲಿಲ್ಲ.

ಮೊದಲ ಔಷಧಿಯ ಕಥೆಯಲ್ಲಿ ನಮ್ಮ ನೆರೆಯ ಆಂಧ್ರದವರ ಕೈ ಇದೆ. ಅವರ ಹೆಸರು ಯಲ್ಲಾಪ್ರಗಡ ಸುಬ್ಬರಾವ್. 1895ರಲ್ಲಿ ಭೀಮವರದಲ್ಲಿ ಹುಟ್ಟಿದರು. ಮುಂದೆ ಅಮೆರಿಕಕ್ಕೆ ಹೋಗಿ ಔಷಧಿಗಳ ಸಂಶೋಧನೆ ಮಾಡಿದರು. ಅವರ ತಂಡ ತಯಾರಿಸಿದ ಒಂದು ಔಷಧಿಯನ್ನು ಸಿಡ್ನಿ ಫಾರ್ಬರ್ ಎಂಬ ಡಾಕ್ಟರು ಮಕ್ಕಳಿಗೆ ಕೊಟ್ಟರು. ಅದು 1947 ಮತ್ತು 1948ರ ಮಾತು. ಕೆಲವು ಮಕ್ಕಳ ರಕ್ತದ ಕ್ಯಾನ್ಸರ್ ಕೆಲವು ತಿಂಗಳ ಮಟ್ಟಿಗೆ ತಗ್ಗಿತು. ಪೂರ್ತಿ ವಾಸಿ ಆಗಲಿಲ್ಲ. ಆದರೆ ದಾರಿ ತೆರೆಯಿತು. ಆಮೇಲೆ ಒಂದಾದ ಮೇಲೆ ಒಂದು ಔಷಧಿ ಬಂದವು.

ಈಗ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 4 ಲಕ್ಷ ಮಕ್ಕಳಿಗೆ ಮತ್ತು ಹದಿಹರೆಯದವರಿಗೆ ಕ್ಯಾನ್ಸರ್ ಬರುತ್ತದೆ. ಇದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಶ್ರೀಮಂತ ದೇಶಗಳಲ್ಲಿ 100 ಮಕ್ಕಳಲ್ಲಿ 80ಕ್ಕೂ ಹೆಚ್ಚು ಮಕ್ಕಳು ವಾಸಿ ಆಗುತ್ತಾರೆ. ಬಡ ದೇಶಗಳಲ್ಲಿ ವಾಸಿ ಆಗುವವರು ಬಹಳ ಕಡಿಮೆ. ಯಾಕೆ? ರೋಗ ತಡವಾಗಿ ತಿಳಿಯುತ್ತದೆ. ದವಾಖಾನಿ ದೂರ ಇರುತ್ತದೆ. ಹಣ ಸಾಲದೆ ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುತ್ತಾರೆ. 2030ರ ಹೊತ್ತಿಗೆ ಎಲ್ಲ ದೇಶಗಳಲ್ಲೂ 100ಕ್ಕೆ 60 ಮಕ್ಕಳಾದರೂ ಉಳಿಯಬೇಕು. ಇದು ಆ ಸಂಸ್ಥೆ 2018ರಲ್ಲಿ ಇಟ್ಟುಕೊಂಡ ಗುರಿ.

ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ 1973ರಲ್ಲಿ ಆರಂಭವಾಯಿತು. ಅಲ್ಲಿ ಮಕ್ಕಳ ಕ್ಯಾನ್ಸರಿಗೆ ಬೇರೆ ವಿಭಾಗವೇ ಇದೆ. ಕಿದ್ವಾಯಿಯ ಒಂದು ಕೇಂದ್ರ ನಮ್ಮ ಕಲಬುರಗಿಯಲ್ಲೂ ಇದೆ. ಮುಂಬೈಯಲ್ಲಿ ಟಾಟಾ ಆಸ್ಪತ್ರೆ 1941ರಿಂದ ಇದೆ. ನಮ್ಮ ಕಡೆಯ ಎಷ್ಟೋ ಜನ ಸೊಲ್ಲಾಪುರದ ಮೇಲೆ ಹಾದು ಅಲ್ಲಿಗೂ ಹೋಗುತ್ತಾರೆ.

ಹೀಗೆ ವಾಸಿಯಾದ ಮಕ್ಕಳು ಈಗ ದೊಡ್ಡವರಾಗಿದ್ದಾರೆ. ನೌಕರಿ ಮಾಡುತ್ತಾರೆ. ಒಕ್ಕಲುತನ ಮಾಡುತ್ತಾರೆ. ಮದುವೆಯಾಗಿ ಮಕ್ಕಳನ್ನು ಹೆತ್ತಿದ್ದಾರೆ.

3. ಔಷಧಿ ರೋಗವನ್ನು ಕೊಲ್ಲುತ್ತದೆ, ಗುರುತು ಬಿಡುತ್ತದೆ

ಹೊಲದಲ್ಲಿ ಕಳೆ ಬೆಳೆದಿದೆ ಎನ್ನಿ. ಕಳೆಗೆ ಎಣ್ಣೆ ಹೊಡೆಯುತ್ತೇವೆ. ಕಳೆ ಸಾಯುತ್ತದೆ. ಕೆಲವು ಸಲ ಬೆಳೆಯ ಎಲೆಗೂ ಬಿಸಿ ತಾಗುತ್ತದೆ. ಬೆಳೆ ಉಳಿಯುತ್ತದೆ. ಆದರೆ ಅದರ ಮೇಲೆ ನಿಗಾ ಇಡಬೇಕಾಗುತ್ತದೆ.

ಕ್ಯಾನ್ಸರ್ ಚಿಕಿತ್ಸೆಯೂ ಹಾಗೆಯೇ. ಸೂಜಿಯಲ್ಲಿ, ಗುಳಗಿಯಲ್ಲಿ ಕೊಡುವ ಔಷಧಿಗೆ ಕಿಮೊ ಎನ್ನುತ್ತಾರೆ. ಇನ್ನೊಂದು ವಿಕಿರಣ ಚಿಕಿತ್ಸೆ. ನಮ್ಮ ಜನ ಇದಕ್ಕೆ "ಕರೆಂಟು ಕೊಡುವುದು" ಎನ್ನುತ್ತಾರೆ. ಮೂರನೆಯದು ಆಪರೇಷನ್. ಈ ಮೂರೂ ಜೀವ ಉಳಿಸುತ್ತವೆ. ಬೆಳೆಯುವ ಮೈಮೇಲೆ ಕೆಲವು ಗುರುತುಗಳನ್ನೂ ಬಿಡುತ್ತವೆ. ಕೆಲವು ಗುರುತು ಬೇಗ ಕಾಣುತ್ತವೆ. ಕೆಲವು ಹತ್ತು, ಇಪ್ಪತ್ತು ವರ್ಷದ ಮೇಲೆ ಕಾಣುತ್ತವೆ.

ಎಲ್ಲರಿಗೂ ಎಲ್ಲವೂ ಆಗುವುದಿಲ್ಲ. ಕೆಲವರಿಗೆ ಏನೂ ಆಗುವುದಿಲ್ಲ. ಯಾವ ಔಷಧಿ ಕೊಟ್ಟರು, ಎಷ್ಟು ಕೊಟ್ಟರು, ಯಾವ ವಯಸ್ಸಿನಲ್ಲಿ ಕೊಟ್ಟರು, ಅದರ ಮೇಲೆ ಹೋಗುತ್ತದೆ. ಒಂದೊಂದಾಗಿ ನೋಡೋಣ.

ಹೃದಯ: ಕಿಮೊ ಔಷಧಿಗಳಲ್ಲಿ ಕೆಂಪು ಬಣ್ಣದ್ದು ಒಂದಿದೆ. ಅದರ ಹೆಸರು ಡಾಕ್ಸೊರುಬಿಸಿನ್. ಅದನ್ನು ಹಾಕಿದ ಮೇಲೆ ಒಂದೆರಡು ದಿನ ಮೂತ್ರ ಕೆಂಪಗೆ ಹೋಗುತ್ತದೆ. ತಾಯಂದಿರಿಗೆ ಇದು ನೆನಪು ಇರುತ್ತದೆ. ಈ ಔಷಧಿ ಬಹಳ ಮಕ್ಕಳನ್ನು ಉಳಿಸಿದೆ. ಆದರೆ ಕೆಲವರ ಹೃದಯದ ಶಕ್ತಿಯನ್ನು ಕುಗ್ಗಿಸುತ್ತದೆ. ದಮ್ಮು, ಸುಸ್ತು, ಕಾಲು ಬಾವು ಬರಬಹುದು. ಎಕೋ ಎಂಬ ಪರೀಕ್ಷೆಯಿಂದ ಇದು ತಿಳಿಯುತ್ತದೆ. ಎಕೋ ಪರೀಕ್ಷೆಯಲ್ಲಿ ನೋವಿಲ್ಲ, ಸೂಜಿ ಇಲ್ಲ.

ಬೆಳವಣಿಗೆ ಮತ್ತು ಓದು: ತಲೆಗೆ ಕರೆಂಟು ಕೊಟ್ಟ ಮಕ್ಕಳು ಕುಳ್ಳಗೆ ಉಳಿಯಬಹುದು. ಪಾಠ ನಿಧಾನಕ್ಕೆ ತಲೆಗೆ ಹತ್ತಬಹುದು. ಅಂಥ ಮಗುವನ್ನು ದಡ್ಡ ಎನ್ನಬಾರದು. ಶಾಲೆಯ ಮಾಸ್ತರರಿಗೆ ವಿಷಯ ಹೇಳಬೇಕು. ಹೆಚ್ಚು ಸಮಯ ಕೊಟ್ಟು ಕಲಿಸಿದರೆ ಮಗು ಕಲಿಯುತ್ತದೆ.

ಥೈರಾಯ್ಡ್: ಇದು ಕುತ್ತಿಗೆಯಲ್ಲಿರುವ ಒಂದು ಗ್ರಂಥಿ. ಕುತ್ತಿಗೆಗೆ ಕರೆಂಟು ಕೊಟ್ಟಿದ್ದರೆ ಇದು ಮಂದ ಆಗಬಹುದು. ಸುಸ್ತು, ಮೈ ಊದುವುದು, ಮುಟ್ಟು ಏರುಪೇರು ಆಗುವುದು ಇದರ ಗುರುತು. ರಕ್ತ ಪರೀಕ್ಷೆಯಿಂದ ತಿಳಿಯುತ್ತದೆ. ದಿನಕ್ಕೊಂದು ಗುಳಗಿಯಿಂದ ಸರಿ ಇರುತ್ತದೆ.

ಕಿವಿ ಮತ್ತು ಕಿಡ್ನಿ: ಸಿಸ್‌ಪ್ಲಾಟಿನ್ ಎಂಬ ಔಷಧಿಯಿಂದ ಕೆಲವರಿಗೆ ಕಿವಿ ಮಂದ ಆಗುತ್ತದೆ. ಕರೆದರೆ ಓ ಎನ್ನದ ಮಗುವಿಗೆ ಬೈಯಬೇಡಿ. ಕಿವಿ ಪರೀಕ್ಷೆ ಮಾಡಿಸಿ. ಇದೇ ಔಷಧಿ ಕಿಡ್ನಿಗೂ ಭಾರ. ಕೆಲವು ಮಕ್ಕಳಿಗೆ ಕಿಡ್ನಿಯಲ್ಲೇ ಗಡ್ಡೆ ಬೆಳೆದಿರುತ್ತದೆ. ಒಂದು ಕಿಡ್ನಿ ತೆಗೆದಿರುತ್ತಾರೆ. ಒಂದೇ ಕಿಡ್ನಿಯಲ್ಲಿ ಚೆನ್ನಾಗಿ ಬಾಳಬಹುದು. ಆದರೆ ಬಿ.ಪಿ. ಮತ್ತು ಮೂತ್ರ ಪರೀಕ್ಷೆ ಮಾಡಿಸುತ್ತ ಇರಬೇಕು. ಅಂಗಡಿಯಿಂದ ನೋವಿನ ಗುಳಗಿ ತಂದು ನುಂಗಬಾರದು.

ಎಲುಬು: ಕೆಲವು ಔಷಧಿಗಳಿಂದ ಎಲುಬು ಸಪ್ಪೆ ಆಗುತ್ತವೆ. ಹಾಲು, ಮೊಸರು, ರಾಗಿ, ಎಳ್ಳು, ಸೊಪ್ಪು ತಿನ್ನಬೇಕು. ನಡೆದಾಡಬೇಕು.

ಕಣ್ಣು: ಸಣ್ಣ ಮಕ್ಕಳ ಕಣ್ಣಿನಲ್ಲೂ ಕ್ಯಾನ್ಸರ್ ಬರುತ್ತದೆ. ಕಣ್ಣಿನ ಪಾಪೆ ಬೆಕ್ಕಿನ ಕಣ್ಣಿನ ಹಾಗೆ ಬಿಳಿಯಾಗಿ ಹೊಳೆಯುತ್ತದೆ. ಕೂಡಲೇ ತೋರಿಸಿದರೆ ಜೀವ ಉಳಿಯುತ್ತದೆ. ಎಷ್ಟೋ ಸಲ ಕಣ್ಣೂ ಉಳಿಯುತ್ತದೆ. ಈ ಒಂದು ಕ್ಯಾನ್ಸರ್ ಕೆಲವು ಮನೆತನಗಳಲ್ಲಿ ಹುಟ್ಟಿನಿಂದ ಬರುತ್ತದೆ. ಅಂಥವರಿಗೆ ಮಗು ಹುಟ್ಟಿದರೆ, ಆ ಮಗುವಿನ ಕಣ್ಣನ್ನು ಹುಟ್ಟಿದ ಕೆಲವೇ ದಿನಗಳಲ್ಲಿ ಡಾಕ್ಟರಿಗೆ ತೋರಿಸಬೇಕು.

ಇನ್ನೊಂದು ಗಡ್ಡೆ: ಕರೆಂಟು ತಾಗಿದ ಜಾಗದಲ್ಲಿ ಬಹಳ ವರ್ಷದ ಮೇಲೆ ಬೇರೆ ಗಡ್ಡೆ ಬರುವ ಸಂಭವ ಸ್ವಲ್ಪ ಹೆಚ್ಚು. ಸಣ್ಣವಳಿದ್ದಾಗ ಎದೆಗೆ ಕರೆಂಟು ಕೊಟ್ಟಿದ್ದರೆ, ಆ ಹುಡುಗಿ ಸುಮಾರು 25 ವರ್ಷದಿಂದಲೇ ಸ್ತನದ ಪರೀಕ್ಷೆ ಮಾಡಿಸಿಕೊಳ್ಳಬೇಕು. ಬೇರೆ ಹೆಂಗಸರ ಹಾಗೆ ವಯಸ್ಸಾಗಲಿ ಎಂದು ಕಾಯಬಾರದು. ಇಂಥವರು ತಂಬಾಕು, ಗುಟ್ಕಾ, ಬೀಡಿ ಮುಟ್ಟಲೇಬಾರದು.

ಮನಸ್ಸು: ಸಣ್ಣ ಜ್ವರ ಬಂದರೂ "ಮತ್ತ ಬಂತೇನು" ಎಂದು ಎದೆ ಹಾರುತ್ತದೆ. ಮಗಳಿಗೂ ಹಾರುತ್ತದೆ, ತಾಯಿಗೂ ಹಾರುತ್ತದೆ. ಇದು ಹುಚ್ಚಲ್ಲ. ದೊಡ್ಡ ಕಷ್ಟ ದಾಟಿದವರಿಗೆ ಹೀಗಾಗುತ್ತದೆ. ಯಾರ ಹತ್ತಿರವಾದರೂ ಮಾತಾಡಬೇಕು. 14416 ಎಂಬ ನಂಬರಿಗೆ ಫೋನು ಮಾಡಿದರೆ ಕನ್ನಡದಲ್ಲಿ ಮಾತಾಡುತ್ತಾರೆ. ಅದಕ್ಕೆ ಹಣ ಇಲ್ಲ. ಅದು ಟೆಲಿ ಮಾನಸ್ ಎಂಬ ಸರ್ಕಾರಿ ಸೇವೆ.

4. ಮದುವೆ, ಮಕ್ಕಳು

ಎಲ್ಲ ತಾಯಂದಿರೂ ಕೇಳುವ ಮಾತು ಇದು. "ನನ್ನ ಮಗಳಿಗೆ ಮದ್ವಿ ಮಾಡಬಹುದೇನ್ರಿ? ಮಕ್ಕಳಾಗ್ತಾವೇನ್ರಿ?"

ಮದುವೆ ಮಾಡಬಹುದು. ವಾಸಿಯಾದ ಬಹಳ ಹೆಣ್ಣುಮಕ್ಕಳಿಗೆ ಮಕ್ಕಳಾಗಿವೆ. ಕೆಲವು ಔಷಧಿಗಳಿಂದ, ಕಿಬ್ಬೊಟ್ಟೆಗೆ ಕೊಟ್ಟ ಕರೆಂಟಿನಿಂದ ಕೆಲವರಿಗೆ ತೊಂದರೆ ಆಗುತ್ತದೆ. ಮುಟ್ಟು ಬಾರದೆ ಇರಬಹುದು. ವಯಸ್ಸಿಗೆ ಮೊದಲೇ ನಿಲ್ಲಬಹುದು. ಗಂಡುಮಕ್ಕಳಿಗೂ ತೊಂದರೆ ಆಗಬಹುದು. ಮಗಳು ಹದಿನಾಲ್ಕು, ಹದಿನೈದು ದಾಟಿದರೂ ದೊಡ್ಡವಳಾಗದಿದ್ದರೆ ಡಾಕ್ಟರಿಗೆ ತೋರಿಸಿ.

ಹುಟ್ಟುವ ಮಗುವಿಗೆ ಕ್ಯಾನ್ಸರ್ ಬರುತ್ತದೆಯೇ? ಕಣ್ಣಿನ ಕ್ಯಾನ್ಸರಿನಂಥ ಕೆಲವನ್ನು ಬಿಟ್ಟರೆ, ತಾಯಿಯ ಹಳೆಯ ಕ್ಯಾನ್ಸರ್ ಮಗುವಿಗೆ ಬರುವುದಿಲ್ಲ. ಕ್ಯಾನ್ಸರ್ ಅಂಟುರೋಗವೂ ಅಲ್ಲ. ಒಂದೇ ತಟ್ಟೆಯಲ್ಲಿ ಉಂಡರೆ ಬರುವುದಿಲ್ಲ. ಒಂದೇ ಹಾಸಿಗೆಯಲ್ಲಿ ಮಲಗಿದರೆ ಬರುವುದಿಲ್ಲ.

ಒಂದು ಮಾತು ಮಾತ್ರ ಮರೆಯಬೇಡಿ. ಕೆಂಪು ಔಷಧಿ ಪಡೆದವರು, ಎದೆಗೆ ಕರೆಂಟು ಕೊಡಿಸಿಕೊಂಡವರು ಬಸಿರಾಗುವ ಮೊದಲು ಹೃದಯ ಪರೀಕ್ಷೆ ಮಾಡಿಸಬೇಕು. ಬಸುರಿಯಲ್ಲಿ ಹೃದಯಕ್ಕೆ ಕೆಲಸ ಹೆಚ್ಚು. ಹೆರಿಗೆಯಲ್ಲಿ ಇನ್ನೂ ಹೆಚ್ಚು. ವಿಷಯ ಗೊತ್ತಿದ್ದರೆ ಡಾಕ್ಟರು ಮೊದಲೇ ಎಚ್ಚರ ವಹಿಸುತ್ತಾರೆ. ಮುಚ್ಚಿಟ್ಟರೆ ತಾಯಿಯ ಜೀವಕ್ಕೇ ಅಪಾಯ.

5. ಆ ತಾಯಿ ಏನು ಮಾಡಿದರು?

ಮರುದಿನ ಆ ತಾಯಿ, ಮಗಳು, ನಾವು ಮೂವರೂ ಕಲಬುರಗಿಗೆ ಹೋದೆವು. ಫೈಲು ಕೈಯಲ್ಲೇ ಇತ್ತು. ಹೃದಯದ ಡಾಕ್ಟರು ಫೈಲನ್ನು ಹಾಳೆ ಹಾಳೆ ತಿರುವಿ ನೋಡಿದರು. ಒಂದು ಸಾಲಿನ ಮೇಲೆ ಬೆರಳಿಟ್ಟರು. ಅದು ಕೆಂಪು ಔಷಧಿಯ ಹೆಸರು. ಅದರ ಮುಂದೆ ಎಷ್ಟು ಕೊಟ್ಟಿದ್ದಾರೆ ಎಂದೂ ಬರೆದಿತ್ತು.

"ಈ ಕಾಗದ ಇಟ್ಟುಕೊಂಡು ಬಹಳ ಒಳ್ಳೆ ಕೆಲಸ ಮಾಡಿದ್ರಿ" ಎಂದರು.

ಎಕೋ ಪರೀಕ್ಷೆ ಆಯಿತು. ಹೃದಯದ ಶಕ್ತಿ ಕುಗ್ಗಿತ್ತು. ಗುಳಗಿ ಶುರು ಮಾಡಿದರು. ಉಪ್ಪು ಕಡಿಮೆ ತಿನ್ನಲು ಹೇಳಿದರು. ಮೂರು ತಿಂಗಳಲ್ಲಿ ದಮ್ಮು ಇಳಿಯಿತು. ಈಗ ಹುಡುಗಿ ಮಷಿನ್ ಮೇಲೆ ಕೂತು ಹೊಲಿಯುತ್ತಾಳೆ. ಗುಳಗಿ ಮಾತ್ರ ಬಿಡುವ ಹಾಗಿಲ್ಲ. ಪರೀಕ್ಷೆಯೂ ಬಿಡುವ ಹಾಗಿಲ್ಲ.

ಮದುವೆ ಮಾತು ಏನಾಯಿತು? ನಿಜವನ್ನೇ ಹೇಳುತ್ತೇವೆ. ತಾಯಿ ಗಂಡಿನ ಮನೆಯವರಿಗೆ ಇದ್ದದ್ದು ಇದ್ದಂತೆ ಹೇಳಿದರು. ಅವರು "ಹೇಳಿ ಕಳಸ್ತೀವಿ" ಎಂದು ಹೋದರು. ಏನೂ ಹೇಳಿ ಕಳಿಸಲಿಲ್ಲ. ತಾಯಿ ಎರಡು ದಿನ ಊಟ ಬಿಟ್ಟರು. ಆಗ ಮಗಳೇ ಹೇಳಿದಳು:

"ಯವ್ವಾ, ಈಗ ಹೋದ್ರು, ಹೋಗಲಿ ಬಿಡು. ಮದ್ವಿ ಆದ ಮ್ಯಾಲ ಗೊತ್ತಾಗಿ ಬಿಟ್ಟು ಹೋಗಿದ್ರ ಏನ್ ಮಾಡ್ತಿದ್ದಿ? ಬಸರಿದ್ದಾಗ ದಮ್ಮು ಬಂದಿದ್ರ ಏನ್ ಮಾಡ್ತಿದ್ದಿ?"

ನಾವೂ ಹೆಣ್ಣುಮಕ್ಕಳೇ. ಇಂಥ ವಿಷಯ ಹೊರಗೆ ಹೇಳುವುದು ಎಷ್ಟು ಕಷ್ಟ ಎಂದು ನಮಗೂ ಗೊತ್ತು. ಊರಿಗೆಲ್ಲ ಸಾರಿ ಹೇಳಿ ಎಂದು ನಾವು ಹೇಳುವುದಿಲ್ಲ. ಅದಕ್ಕೇ ಆ ತಾಯಿಯ ಹೆಸರನ್ನೂ ಬರೆದಿಲ್ಲ. ಆದರೆ ಡಾಕ್ಟರ ಮುಂದೆ ಮುಚ್ಚಿಡಬೇಡಿ. ಮಗಳಿಂದ ಮುಚ್ಚಿಡಬೇಡಿ. ಅವಳ ಮೈಯ ಕಥೆ ಅವಳಿಗೆ ಗೊತ್ತಿರಬೇಕು. ನಾಳೆ ನಾವು ಇಲ್ಲದಿದ್ದರೂ ಅವಳು ಇರುತ್ತಾಳೆ. ಕೈ ಹಿಡಿಯುವವನಿಗೂ ತಿಳಿದಿದ್ದರೆ ಒಳ್ಳೆಯದು. ಕಷ್ಟಕಾಲದಲ್ಲಿ ದವಾಖಾನಿಗೆ ಕರೆದುಕೊಂಡು ಹೋಗುವವನು ಅವನೇ ಅಲ್ಲವೇ?

6. ವರ್ಷಕ್ಕೊಮ್ಮೆ ತೋರಿಸಿ

ವಾಸಿಯಾದ ಮಕ್ಕಳನ್ನು ನೋಡಲು ಮುಂಬೈಯ ಟಾಟಾ ಆಸ್ಪತ್ರೆ 1991ರಲ್ಲಿ ಒಂದು ಬೇರೆ ವಿಭಾಗ ತೆರೆಯಿತು. ಅಲ್ಲಿಗೆ ಬರುವವರು ರೋಗಿಗಳಲ್ಲ, ರೋಗ ಗೆದ್ದವರು. ಅವರ ಎತ್ತರ, ತೂಕ, ಹೃದಯ, ಕಿವಿ, ರಕ್ತ, ಓದು, ಮನಸ್ಸು ಎಲ್ಲವನ್ನೂ ವಿಚಾರಿಸುತ್ತಾರೆ. ನಿಮ್ಮ ಮಗುವಿಗೆ ಎಲ್ಲಿ ಚಿಕಿತ್ಸೆ ಆಯಿತೋ ಅಲ್ಲಿ ಕೇಳಿ. "ಚಿಕಿತ್ಸೆ ಮುಗೀತು. ಇನ್ನು ಮುಂದೆ ಏನೇನು ಪರೀಕ್ಷೆ ಮಾಡಿಸಬೇಕು? ಎಷ್ಟು ವರ್ಷಕ್ಕೊಮ್ಮೆ?" ಎಂದು ಕೇಳಿ. ಕೇಳಲು ನಾಚಬೇಡಿ.

ಹಣದ ಚಿಂತೆ ಎಲ್ಲರಿಗೂ ಇದೆ. ಬಿ.ಪಿ.ಎಲ್. ಕಾರ್ಡು ಇದ್ದ ಕುಟುಂಬಕ್ಕೆ "ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ" ಯೋಜನೆ ಇದೆ. ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಗೆ ನೆರವು ಸಿಗುತ್ತದೆ. ಕ್ಯಾನ್ಸರ್ ಚಿಕಿತ್ಸೆಗೆ, ಅದರ ತಪಾಸಣೆಗೆ ಹೋಗುವವರಿಗೆ ರೈಲಿನ ಟಿಕೇಟಿನಲ್ಲಿ ರಿಯಾಯಿತಿ ಇದೆ. ಅದಕ್ಕೆ ಆಸ್ಪತ್ರೆಯಿಂದ ಒಂದು ಸರ್ಟಿಫಿಕೇಟು ಬೇಕು. ಇವನ್ನೆಲ್ಲ ಕೇಳಲು ಮೊದಲು ನಿಮ್ಮ ಆಶಾ ಕಾರ್ಯಕರ್ತೆಯ ಹತ್ತಿರ ಹೋಗಿ, ಇಲ್ಲವೇ ಸರ್ಕಾರಿ ದವಾಖಾನಿಗೆ ಹೋಗಿ.

7. ನಿಮ್ಮ ಕೈಯಿಂದ ಒಂದು ಹಾಳೆ

ದವಾಖಾನಿ ಕಾಗದ ಇಂಗ್ಲೀಷಿನಲ್ಲಿ ಇರುತ್ತದೆ. ಅದು ಡಾಕ್ಟರಿಗೆ. ನಮಗಾಗಿ ನಾವೇ ಕನ್ನಡದಲ್ಲಿ ಒಂದು ಹಾಳೆ ಬರೆದುಕೊಳ್ಳೋಣ. ಆ ತಾಯಿ ಹೀಗೆ ಬರೆದರು. ಬರೆಯಲು ಎರಡು ರಾತ್ರಿ ಹಿಡಿಯಿತು. ಮೂರು ಕಡೆ ಅಕ್ಷರ ಹೊಡೆದು ತಿದ್ದಿದರು. ಆದರೆ ತಾವೇ ಬರೆದರು.

ಹೆಸರು: ..........
ಹುಟ್ಟಿದ ವರ್ಷ: ..........
ಯಾವ ರೋಗ: ರಕ್ತದ ಕ್ಯಾನ್ಸರ್
ಚಿಕಿತ್ಸೆ ಆದ ಆಸ್ಪತ್ರೆ, ಫೈಲ್ ನಂಬರು: ..........
ಚಿಕಿತ್ಸೆ ಶುರುವಾದ ವರ್ಷ, ಮುಗಿದ ವರ್ಷ: ..........
ಕಿಮೊ: ಹೌದು. ಕೆಂಪು ಔಷಧಿ: ಹೌದು
ಕರೆಂಟು: ಕೊಟ್ಟಿಲ್ಲ
ಆಪರೇಷನ್: ಇಲ್ಲ
ರಕ್ತ ಹಾಕಿದ್ದು: ಹೌದು
ಈಗ ತಿನ್ನುವ ಗುಳಗಿ: ..........
ಮುಂದಿನ ಎಕೋ ಪರೀಕ್ಷೆಯ ದಿನ: ..........

ಈ ಹಾಳೆಯನ್ನು ಮೂರು ಪ್ರತಿ ಮಾಡಿಸಿ. ಒಂದು ಫೈಲಿನಲ್ಲಿ ಇರಲಿ. ಒಂದು ಮಗಳ ಚೀಲದಲ್ಲಿ ಇರಲಿ. ಇನ್ನೊಂದು ನಂಬಿಕೆಯ ಒಬ್ಬರ ಮನೆಯಲ್ಲಿ ಇರಲಿ. ಫೈಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಇಡಿ. ಮಳೆ, ಇಲಿ, ಗೆದ್ದಲು ಯಾವುದೂ ಮುಟ್ಟಬಾರದು. ಹೊಲದ ಪಹಣಿಯನ್ನು ಹೇಗೆ ಕಾಯುತ್ತೇವೋ ಹಾಗೆ ಕಾಯಬೇಕು.

ಕಾಗದ ಈಗಾಗಲೇ ಕಳೆದಿದೆಯೇ? ಹೆದರಬೇಡಿ. ಹೆಸರು ಮತ್ತು ವರ್ಷ ಹೇಳಿ ಆ ಆಸ್ಪತ್ರೆಯಲ್ಲಿ ಕೇಳಿ. ಹಳೆಯ ದಾಖಲೆಯ ಪ್ರತಿ ಸಿಗಬಹುದು.

ಈಗ ಆ ಫೈಲು ಟ್ರಂಕಿನ ತಳದಲ್ಲಿ ಇಲ್ಲ. ಮೇಲೆಯೇ ಇದೆ.

ನೆನಪಿಡಿ

ಮಕ್ಕಳ ಕ್ಯಾನ್ಸರ್ ವಾಸಿ ಆಗುತ್ತದೆ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಡಬೇಡಿ.
ವಾಸಿಯಾದ ಮೇಲೂ ವರ್ಷಕ್ಕೊಮ್ಮೆ ತೋರಿಸಿ.
ಡಾಕ್ಟರು ಕೇಳಿದರೆ ಹಳೆಯ ರೋಗವನ್ನು ಹೇಳಿ. ಕೇಳದಿದ್ದರೂ ಹೇಳಿ.
ದವಾಖಾನಿ ಕಾಗದ ಸುಡಬೇಡಿ, ಬಿಸಾಡಬೇಡಿ.

ಉತ್ತರ ಹೇಳಿ

1. ಹುಡುಗಿಗೆ ದಮ್ಮು ಯಾಕೆ ಬಂತು?
2. ತಾಯಿ ಡಾಕ್ಟರ ಮುಂದೆ ನಿಜ ಯಾಕೆ ಹೇಳಲಿಲ್ಲ?
3. ಕೆಂಪು ಔಷಧಿ ಪಡೆದವರು ಬಸಿರಾಗುವ ಮೊದಲು ಯಾವ ಪರೀಕ್ಷೆ ಮಾಡಿಸಬೇಕು?
4. ಮಗುವಿನ ಕಣ್ಣಿನ ಪಾಪೆ ಬಿಳಿಯಾಗಿ ಹೊಳೆದರೆ ಏನು ಮಾಡಬೇಕು?

ಕೂಡಿ ಮಾತಾಡಿ

ನಿಮ್ಮ ಮಗನಿಗೆ ಇಂಥ ಹುಡುಗಿಯ ಸಂಬಂಧ ಬಂದರೆ ನೀವು ಏನು ಹೇಳುತ್ತೀರಿ? ನಿಮ್ಮ ನಿಮ್ಮಲ್ಲೇ ಮಾತಾಡಿ. ಒಬ್ಬೊಬ್ಬರ ಮಾತನ್ನೂ ಪೂರ್ತಿ ಕೇಳಿ.

ಬರೆಯಿರಿ

ನಿಮ್ಮ ಮನೆಯಲ್ಲಿ ಯಾರಿಗಾದರೂ ದೊಡ್ಡ ಕಾಯಿಲೆ ಬಂದು ಹೋಗಿದೆಯೇ? ಮೇಲಿನ ಹಾಗೆ ಒಂದು ಹಾಳೆ ಬರೆಯಿರಿ. ತಪ್ಪಾದರೆ ಚಿಂತೆ ಇಲ್ಲ. ತಿದ್ದಿಕೊಂಡು ಬರೆಯಿರಿ.